ಸಾಲೇರ್ಸ್ ಊರು, ಪ್ಯುಯಿ ಮಾರಿ ಬೆಟ್ಟ: ಅಮ್ಮನ ಜೊತೆ ನಡೆದು ನೋಡಬಹುದಾ?

ತುಂಗೆಯ ದಡ

ಎಲ್ಲರಿಗೂ ನಮಸ್ಕಾರ. ನಾನು ಫ್ರಾನ್ಸ್‌ನ ಲಿಯೋಂನಲ್ಲಿ ಓದುತ್ತಿದ್ದೇನೆ. ಜೂನ್‌ನಲ್ಲಿ ಅಮ್ಮ ಬರುತ್ತಿದ್ದಾರೆ, ಮೂರು ವಾರ ಇರುತ್ತಾರೆ. ಪ್ಯಾರಿಸ್ ತೋರಿಸುತ್ತೇನೆ ಅಂದರೆ, "ಅದೆಲ್ಲ ಟಿವಿಯಲ್ಲಿ ನೋಡಿದ್ದೇನೆ. ಬೆಟ್ಟ, ದನ, ಹಳ್ಳಿ ಇದ್ದರೆ ಕರೆದುಕೊಂಡು ಹೋಗು" ಅಂದರು. ನಮ್ಮದು ತೀರ್ಥಹಳ್ಳಿ ಕಡೆ. ಮನೆಯಲ್ಲಿ ಈಗಲೂ ಎರಡು ಹಸು ಇವೆ. ಅವನ್ನು ಚಿಕ್ಕಮ್ಮನ ಕೈಗೆ ಒಪ್ಪಿಸಿ ಬರುವುದಕ್ಕೇ ಒಂದು ವರ್ಷ ಯೋಚನೆ ಮಾಡಿದ್ದಾರೆ.

ಲ್ಯಾಬಿನಲ್ಲಿ ಒಬ್ಬರು ಓವೆರ್ನ್ಯ ಪ್ರಾಂತ್ಯದ ಸಾಲೇರ್ಸ್ ಅನ್ನುವ ಹಳೇ ಊರಿಗೆ ಹೋಗು ಅಂದರು. ಪಕ್ಕದಲ್ಲೇ ಕಾಂತಾಲ್ ಜ್ವಾಲಾಮುಖಿ ಬೆಟ್ಟಗಳು ಇವೆಯಂತೆ. ನನ್ನ ಪ್ರಶ್ನೆಗಳು ಇಷ್ಟು. ಕಾರಿಲ್ಲದೆ ಹೋಗಬಹುದಾ? ಅಮ್ಮನಿಗೆ 58, ಗದ್ದೆ ತೋಟ ಓಡಾಡಿದ ಕಾಲು, ಆದರೆ ಬಲ ಮಂಡಿ ಇಳಿಜಾರಿನಲ್ಲಿ ನೋಯುತ್ತದೆ. ಪ್ಯುಯಿ ಮಾರಿ ಹತ್ತಲು ಆಗುತ್ತಾ? ಎಷ್ಟು ದಿನ ಬೇಕು? ಊಟದ ಕತೆ ಏನು? ನಾವು ಸಸ್ಯಾಹಾರಿಗಳು.

ಹಾಸನದ ಹೈದ

ನಾನು ಹೋಗಿದ್ದೆ. ಆಗಸ್ಟ್ ತಿಂಗಳು, ಮಧ್ಯಾಹ್ನ ಹನ್ನೆರಡು ಗಂಟೆ. ಕಾರು ನಿಲ್ಲಿಸಲು ಜಾಗ ಸಿಗುವುದಕ್ಕೇ ಅರ್ಧ ಗಂಟೆ ಆಯಿತು. ಊರೊಳಗೆ ಹೋದರೆ ಚಾಕು ಅಂಗಡಿ, ಚೀಸ್ ಅಂಗಡಿ, ಬಿಸ್ಕತ್ ಅಂಗಡಿ, ಮತ್ತೆ ಚಾಕು ಅಂಗಡಿ. ಕಪ್ಪು ಕಲ್ಲಿನ ಮನೆಗಳು ಚೆನ್ನಾಗಿವೆ, ಇಲ್ಲ ಅನ್ನಲ್ಲ. ಎರಡು ಗಂಟೆ ಧಾರಾಳ ಸಾಕು. ಅಮ್ಮನನ್ನು ಅಷ್ಟು ದೂರ ಸುಮ್ನೆ ಸುತ್ತಿಸಬೇಡಿ.

ಕಪ್ಪುಕಲ್ಲು

ಹೈದ ಅವರೇ, ಆಗಸ್ಟ್ ಮಧ್ಯಾಹ್ನ ಹೋದರೆ ನಮ್ಮ ಬೇಲೂರು ದೇವಸ್ಥಾನದ ಮುಂದೆಯೂ ಟೋಪಿ ಮಾರುವವರೇ ಕಾಣುತ್ತಾರೆ. ತಪ್ಪು ಊರಿನದ್ದಲ್ಲ, ಗಡಿಯಾರದ್ದು.

ತುಂಗೆಯ ದಡ ಅವರೇ, ನಾನು ಆರು ವರ್ಷ ಕ್ಲೆರ್ಮೋಂ-ಫೆರಾಂನಲ್ಲಿ ಇದ್ದೆ. ಸಾಲೇರ್ಸ್‌ಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕ ಇಟ್ಟಿಲ್ಲ. ನನ್ನ ಮಾತು ಒಂದೇ: ಅಲ್ಲಿ ರಾತ್ರಿ ಉಳಿಯಿರಿ. ಸಂಜೆ ಆರರ ಮೇಲೆ ಪ್ರವಾಸಿಗರ ಬಸ್ಸುಗಳೆಲ್ಲ ಹೋಗಿಬಿಡುತ್ತವೆ. ಊರು ಆಗ ತನ್ನಷ್ಟಕ್ಕೆ ತಾನಿರುತ್ತದೆ. ಮಳೆ ಬಂದು ನಿಂತ ಸಂಜೆಯಾದರೆ ಇನ್ನೂ ಒಳ್ಳೆಯದು. ಒಣಗಿದಾಗ ಬೂದಿ ಬಣ್ಣದ ಗೋಡೆಗಳು ಒದ್ದೆಯಾದಾಗ ದೋಸೆ ಕಾವಲಿಯ ಹಾಗೆ ಹೊಳೆಯುತ್ತವೆ.

ಊರು ಸುಮಾರು 950 ಮೀಟರ್ ಎತ್ತರದಲ್ಲಿದೆ. 15ನೇ ಶತಮಾನದಲ್ಲಿ ಸುತ್ತ ಕೋಟೆ ಗೋಡೆ ಕಟ್ಟಿದರು, ಅದರ ಹೆಬ್ಬಾಗಿಲುಗಳು ಈಗಲೂ ಇವೆ. ಗಡಿಯಾರ ಇರುವ ಬಾಗಿಲ ಕೆಳಗೆ ನುಸುಳಿ ಏರು ಬೀದಿ ಹತ್ತಿದರೆ ದೊಡ್ಡ ಚೌಕಕ್ಕೆ ಬರುತ್ತೀರಿ. ಚೌಕದ ಮನೆಗಳಿಗೆ ಗೋಪುರದಂಥ ದುಂಡು ಮೂಲೆಗಳು. ಅದರೊಳಗೆ ಸುರುಳಿ ಮೆಟ್ಟಿಲು. 16ನೇ ಶತಮಾನದಲ್ಲಿ ಮಲೆಸೀಮೆಯ ನ್ಯಾಯಸ್ಥಾನ ಈ ಊರಿಗೆ ಬಂತು, ನ್ಯಾಯಾಧೀಶರೂ ವಕೀಲರೂ ಬಂದು ದೊಡ್ಡ ದೊಡ್ಡ ಮನೆ ಕಟ್ಟಿದರು. ಹಾಗಾಗಿ "ಮಧ್ಯಯುಗದ ಹಳ್ಳಿ" ಅಂತ ಬೋರ್ಡು ಹೇಳಿದರೂ, ನೀವು ನೋಡುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ಆಮೇಲಿನದು.

ಚೌಕದ ನಡುವೆ ಇರುವ ಪ್ರತಿಮೆ ರಾಜನದ್ದಲ್ಲ, ಸೇನಾಪತಿಯದ್ದೂ ಅಲ್ಲ. ಎರ್ನೆಸ್ಟ್ ತಿಸ್ಸಾಂದಿಯೇ ದೆಸ್ಕು ಅಂತ, 19ನೇ ಶತಮಾನದಲ್ಲಿ ಸಾಲೇರ್ಸ್ ದನದ ತಳಿಯನ್ನು ಕಾಪಾಡಿ ಬೆಳೆಸಿದವರು. ದನ ಸಾಕಿದ್ದಕ್ಕೆ ಊರ ನಡುವೆ ಪ್ರತಿಮೆ! ಚೌಕಕ್ಕೂ ಅವರದೇ ಹೆಸರು. ನಿಮ್ಮ ಅಮ್ಮನಿಗೆ ಮೊದಲು ಇದನ್ನೇ ತೋರಿಸಿ.

ಸೇಂಟ್ ಮಾತ್ಯು ಚರ್ಚ್ ಒಳಗೆ ಬಾಗಿಲ ಹತ್ತಿರವೇ ಒಂದು ಶಿಲ್ಪಗಳ ಗುಂಪಿದೆ, 1495ರದ್ದು. ಏಸುವನ್ನು ಸಮಾಧಿ ಮಾಡುವ ದೃಶ್ಯ, ಬಣ್ಣ ಹಚ್ಚಿದ ಕಲ್ಲು. ಸುತ್ತ ನಿಂತವರ ಮುಖ ನೋಡಿ. ನಮ್ಮ ಕಡೆ ಸಾವಿನ ಮನೆಯಲ್ಲಿ ನೆಂಟರು ನಿಲ್ಲುವ ಹಾಗೇ ನಿಂತಿದ್ದಾರೆ.

ಕಾರಿನ ವಿಷಯ. ಸಾಲೇರ್ಸ್‌ಗೆ ರೈಲಿಲ್ಲ. ಕ್ಲೆರ್ಮೋಂನಿಂದ ಓರಿಯಾಕ್‌ಗೆ ಹೋಗುವ ರೈಲು ಬೆಟ್ಟದ ಇನ್ನೊಂದು ಮಗ್ಗುಲಲ್ಲಿ ಮ್ಯುರಾ, ಲ ಲಿಯೋರಾಂ ಮೇಲೆ ಹಾದುಹೋಗುತ್ತದೆ. ನೀವೊಬ್ಬರೇ ಆದರೆ ಲಿಯೋರಾಂನಲ್ಲಿ ಇಳಿದು ಬೆಟ್ಟದ ಏಣು ಹಿಡಿದು ನಡೆಯಿರಿ ಅನ್ನುತ್ತಿದ್ದೆ. ಅಮ್ಮ ಇದ್ದಾರೆ ಅಂದರೆ ಓರಿಯಾಕ್‌ನಲ್ಲಿ ಮೂರು ದಿನಕ್ಕೆ ಬಾಡಿಗೆ ಕಾರು ತೆಗೆದುಕೊಳ್ಳಿ. ಸಾಲೇರ್ಸ್‌ನಿಂದ ಪ್ಯುಯಿ ಮಾರಿ ಬುಡದ ಪಾ ದ ಪೇರೋಲ್ ಘಟ್ಟಕ್ಕೆ ಸುಮಾರು 20 ಕಿ.ಮೀ. ದಾರಿ. ಫ್ರಾನ್ಸ್ ನಡುವಿನ ಮಲೆಸೀಮೆ ಮಾಸಿಫ್ ಸಾಂತ್ರಾಲ್‌ನಲ್ಲಿ ಡಾಂಬರು ರಸ್ತೆ ತಲುಪುವ ಅತಿ ಎತ್ತರದ ಘಟ್ಟ ಅದೇ, 1,589 ಮೀಟರ್. ಚಳಿಗಾಲದಲ್ಲಿ ಹಿಮ ಬಿದ್ದು ಮುಚ್ಚಿರುತ್ತದೆ. ಜೂನ್‌ನಲ್ಲಿ ತೊಂದರೆ ಇಲ್ಲ.

ತುಂಗೆಯ ದಡ

ಅಬ್ಬ, ಇಷ್ಟು ಬರೆದಿದ್ದಕ್ಕೆ ಥ್ಯಾಂಕ್ಸ್ ಸರ್. ಘಟ್ಟದಿಂದ ಶಿಖರಕ್ಕೆ ಎಷ್ಟು ಹತ್ತಬೇಕು?

ಕಪ್ಪುಕಲ್ಲು

ಶಿಖರ 1,783. ಅಂದರೆ 200 ಮೀಟರ್ ಕೂಡ ಇಲ್ಲ. ಕಾಂಕ್ರೀಟ್ ಮೆಟ್ಟಿಲು ಹಾಕಿದ್ದಾರೆ. ಮುಳ್ಳಯ್ಯನಗಿರಿಯಲ್ಲಿ ಕಾರು ನಿಲ್ಲಿಸಿ ಕೊನೆಯ ಮೆಟ್ಟಿಲು ಹತ್ತುತ್ತೇವಲ್ಲ, ಅದೇ ಲೆಕ್ಕ, ಸ್ವಲ್ಪ ಜಾಸ್ತಿ ಅಂತ ಇಟ್ಟುಕೊಳ್ಳಿ. ನಿಧಾನಕ್ಕೆ ಹೋದರೆ ಮುಕ್ಕಾಲು ಗಂಟೆ. ಮೆಟ್ಟಿಲು ಬೇಕಿತ್ತಾ ಅಂತ ಜಗಳ ಆಡುವವರು ಇದ್ದಾರೆ. ಆದರೆ ಅಷ್ಟು ಜನ ಹುಲ್ಲಿನ ಮೇಲೆ ನಡೆದಿದ್ದರೆ ಗುಡ್ಡದ ಚರ್ಮವೇ ಕಿತ್ತು ಬರುತ್ತಿತ್ತು.

ಮಂಡಿಗೆ ಇಳಿಯುವಾಗಲೇ ಕಷ್ಟ. ಎರಡು ಕೋಲು ತೆಗೆದುಕೊಂಡು ಹೋಗಿ.

ಬೆಂಕಿಕಲ್ಲು

ಭೂವಿಜ್ಞಾನ ಓದಿದವಳು, ಸುಮ್ಮನಿರಲು ಆಗುತ್ತಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇಜಾರಾಗಬೇಡಿ. ಪ್ಯುಯಿ ಮಾರಿ ಮೇಲೆ ಜ್ವಾಲಾಮುಖಿಯ ಬಾಯಿ ಹುಡುಕಬೇಡಿ, ಇಲ್ಲ. ನೀವು ಹತ್ತುವುದು ಒಂದು ದೈತ್ಯ ಜ್ವಾಲಾಮುಖಿಯ ಎಲುಬು. ಇಡೀ ಕಾಂತಾಲ್ ಬೆಟ್ಟಸಾಲೇ ಒಂದು ಜ್ವಾಲಾಮುಖಿ. ಅಡ್ಡಳತೆ ಸುಮಾರು 70 ಕಿ.ಮೀ., ಯುರೋಪಿನಲ್ಲೇ ಅತಿ ದೊಡ್ಡದು ಅನ್ನುತ್ತಾರೆ. ಸುಮಾರು 1.3 ಕೋಟಿ ವರ್ಷದ ಹಿಂದೆ ಶುರುವಾಗಿ ಲಕ್ಷಾಂತರ ವರ್ಷ ಉಗುಳಿತು, ಕುಸಿಯಿತು, ಮತ್ತೆ ಉಗುಳಿತು. ಬೆಂಕಿ ಆರಿದ ಮೇಲೆ ಹಿಮನದಿಗಳು ಬಂದು ನಡುವಿನಿಂದ ಹೊರಕ್ಕೆ ಕಣಿವೆಗಳನ್ನು ಕೊರೆದವು. ಹೋಳು ಮಾಡಿದ ಕೇಕ್ ಮೇಲಿನಿಂದ ಹೇಗೆ ಕಾಣುತ್ತೋ ಹಾಗೆ. ಪ್ಯುಯಿ ಮಾರಿ ತುದಿಯಲ್ಲಿ ನಿಂತು ಒಂದು ಸುತ್ತು ತಿರುಗಿದರೆ ಜೋರ್ದಾನ್, ಮಾರ್ಸ್, ಸಾಂತ್ವಾರ್ ಕಣಿವೆಗಳು ಒಂದೊಂದು ದಿಕ್ಕಿಗೆ ಇಳಿದು ಹೋಗುವುದು ಕಾಣುತ್ತದೆ. ಶಿಖರದ ಮೂರು ಮೂಲೆ ಆಕಾರ ಬಂದಿದ್ದೂ ಮಂಜುಗಡ್ಡೆ ಸುತ್ತಲಿಂದ ತಿಂದಿದ್ದರಿಂದ.

ಕಣಿವೆಗಳ ಮಧ್ಯೆ ಉಳಿದ ಬಸಾಲ್ಟ್ (ಲಾವಾ ಆರಿ ಆದ ಕಪ್ಪು ಕಲ್ಲು) ಬಯಲಿಗೆ ಅಲ್ಲಿನವರು ಪ್ಲಾನೆಜ್ ಅನ್ನುತ್ತಾರೆ. ಸಾಲೇರ್ಸ್ ಕುಳಿತಿರುವುದು ಅಂಥ ಒಂದು ಬಯಲಿನ ಅಂಚಿನಲ್ಲಿ. ಬಾರೂಜ್ ಅಂತ ಒಂದು ಉದ್ಯಾನ ಇದೆ ಊರ ತುದಿಗೆ, ಅಲ್ಲಿ ಗೋಡೆ ಹಿಡಿದು ಬಗ್ಗಿ ನೋಡಿ. ನೆಲ ಅಲ್ಲೇ ಮುಗಿದು ಮಾರೋನ್ ಕಣಿವೆ ಕೆಳಗಿರುತ್ತದೆ. ಬಸಾಲ್ಟ್ ನಮಗೇನು ಹೊಸದಲ್ಲ. ಬೆಳಗಾವಿ, ವಿಜಯಪುರದ ಎರೆಮಣ್ಣು ಬಂದಿದ್ದು ಅದರಿಂದಲೇ. ಗೋಲಗುಂಬಜ್ ಕಟ್ಟಿದ್ದೂ ಅದರಲ್ಲೇ. ಆದರೆ ನಮ್ಮ ದಖ್ಖನ್ ಲಾವಾ 6.6 ಕೋಟಿ ವರ್ಷ ಹಳೆಯದು. ಕಾಂತಾಲ್ ಅದರ ಮುಂದೆ ಮಗು.

ಇನ್ನು ಪ್ಯುಯಿ ಗ್ರಿಯು ಅಂತ ಒಂದು ಚೂಪು ಬೆಟ್ಟ ಕಾಣುತ್ತದೆ, ಸಗಣಿ ಉಂಡೆ ಮೇಲೆ ಗರಿಕೆ ಚುಚ್ಚಿದ ಗಣಪನ ಹಾಗೆ. ಅದು ಫೋನೊಲೈಟ್ ಕಲ್ಲು. ಬಡಿದರೆ ಟಣ್ ಅನ್ನುತ್ತದೆ, ಹೆಸರಿನ ಅರ್ಥವೇ "ದನಿ ಮಾಡುವ ಕಲ್ಲು". ಪದರ ಪದರವಾಗಿ ಬಿಡುವುದರಿಂದ ಅದನ್ನು ಹಂಚಿನ ಹಾಗೆ ಮಾಡಿಗೆ ಹೊದಿಸುತ್ತಾರೆ.

ಹಾಸನದ ಹೈದ

ಹಂಪಿ ವಿಠ್ಠಲ ದೇವಸ್ಥಾನದ ಕಂಬಗಳ ಹಾಗೆ?

ಬೆಂಕಿಕಲ್ಲು

ದನಿ ಬರುವುದು ಸರಿ, ಕಲ್ಲು ಬೇರೆ. ಹಂಪಿಯದ್ದು ಗ್ರಾನೈಟ್. ಅಲ್ಲಿ ಶಿಲ್ಪಿಯ ಕೈ ಇದೆ, ಇಲ್ಲಿ ಕಲ್ಲೇ ಹಾಗೆ.

ಬಾಯಿ ಇರುವ ಜ್ವಾಲಾಮುಖಿಯೇ ಬೇಕೆಂದರೆ ಕ್ಲೆರ್ಮೋಂ ಪಕ್ಕದ ಶೆನ್ ದೇ ಪ್ಯುಯಿ ಸಾಲಿಗೆ ಹೋಗಿ, ಪ್ಯುಯಿ ದ ಪಾರಿಯು ಹತ್ತಿ. ಮಗುಚಿಟ್ಟ ಬಟ್ಟಲಿನಂಥ ಗುಡ್ಡ, ತುದಿಯಲ್ಲಿ ಹುಲ್ಲು ಬೆಳೆದ ದುಂಡು ಕುಳಿ. ಅವೆಲ್ಲ ತೀರ ಎಳೆಯವು. ಆ ಸಾಲು 2018ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು.

ದಾರಿ ತಪ್ಪಿದವ

ಲಿಯೋರಾಂನಿಂದ ಏಣು ಹಿಡಿದು ಹೋಗುವ ಆಸೆ ಯಾರಿಗಾದರೂ ಇದ್ದರೆ ನನ್ನ ಕತೆ ಕೇಳಿ.

ಸೆಪ್ಟೆಂಬರ್, ನಾವು ಇಬ್ಬರು. ಬೆಳಿಗ್ಗೆ ಬಿಸಿಲು ಎಷ್ಟು ಚೆನ್ನಾಗಿತ್ತೆಂದರೆ ಮಳೆ ಜಾಕೆಟ್ ರೂಮಿನಲ್ಲೇ ಬಿಟ್ಟೆವು. ಕುದುರೆಮುಖ ಹತ್ತಿದ್ದೇವೆ, ಇದೇನು ಮಹಾ ಅನ್ನುವ ಜಂಬ ಬೇರೆ. ಪೇರ್ ಆರ್ಸ್ ಶಿಖರ ದಾಟುವ ಹೊತ್ತಿಗೆ ಪಶ್ಚಿಮದಿಂದ ಮಂಜು ಬಂತು. ಬಂತು ಅಂದರೆ ಹೊಗೆ ನುಗ್ಗಿದ ಹಾಗೆ, ಹತ್ತು ನಿಮಿಷದಲ್ಲಿ ಗೆಳೆಯನ ಬ್ಯಾಗ್ ಮಾತ್ರ ಕಾಣುತ್ತಿತ್ತು. ಮುಂದೆ ರೋಲಾಂ ಬ್ರೆಶ್ ಅಂತ ಏಣಿನಲ್ಲಿ ಕಡಿದ ಹಾಗೆ ಒಂದು ಸೀಳು ಇದೆ. ಒಣಗಿದ್ದರೆ ಕೈ ಊರಿ ಇಳಿಯಬಹುದು. ಅವತ್ತು ಕಲ್ಲು ಸೋಪು ಹಚ್ಚಿದ ಹಾಗಿತ್ತು. ಗೆಳೆಯನ ಕಾಲು ಒಂದು ಸಲ ಜಾರಿತು, ಕೈಗೆ ಸಿಕ್ಕ ಹುಲ್ಲಿನ ಬುಡ ಹಿಡಿದು ಕುಳಿತ. ಇಬ್ಬರೂ ಐದು ನಿಮಿಷ ಮಾತಾಡಲಿಲ್ಲ.

ವಾಪಸ್ ಹೊರಟೆವು. ಕಡೆಯ ರೈಲು ತಪ್ಪಿತು. ಹಂಗಾಮು ಮುಗಿದು ಅರ್ಧ ಹೋಟೆಲುಗಳು ಮುಚ್ಚಿದ್ದವು. ಯಾರೋ ಪುಣ್ಯಾತ್ಮರು ಬಾಗಿಲು ತೆರೆದು ಬಿಸಿ ಸೂಪು ಕೊಟ್ಟರು.

ಹಾಗಾಗಿ: 1:25,000 ಅಳತೆಯ ಕಾಗದದ ನಕಾಶೆ ಇಟ್ಟುಕೊಳ್ಳಿ. ಕೆಂಪು-ಬಿಳಿ ಪಟ್ಟೆ ಅಂದರೆ ದೂರದ ಕಾಲುದಾರಿ, ಹಳದಿ ಪಟ್ಟೆ ಅಂದರೆ ಊರ ಸುತ್ತಲಿನದು, ಗುಣಿಸುವ ಗುರುತು ಕಂಡರೆ ಅದು ನಿಮ್ಮ ದಾರಿಯಲ್ಲ. ಮಧ್ಯಾಹ್ನದ ಗುಡುಗಿಗೆ ಮೊದಲೇ ಏಣಿನಿಂದ ಇಳಿಯಿರಿ.

ಕಪ್ಪುಕಲ್ಲು

ಇದಕ್ಕೆ ಇನ್ನೊಂದು ಸೇರಿಸುತ್ತೇನೆ. ಹುಲ್ಲುಗಾವಲಿನ ಗೇಟು ತೆರೆದರೆ ಮುಚ್ಚಿಯೇ ಹೋಗಿ. ಕರು ಇರುವ ಹಸುವಿನ ಹತ್ತಿರ ಫೋಟೊ ತೆಗೆಯಲು ಹೋಗಬೇಡಿ. ಸಾಲೇರ್ಸ್ ಹಸುವಿನ ಕೊಂಬು ನೋಡಿದರೆ ನಾನು ಹೇಳಬೇಕಾಗಿಯೇ ಇಲ್ಲ.

ಕೊಟ್ಟಿಗೆ

ಸಾಗರದಿಂದ. ಇಷ್ಟು ಹೊತ್ತು ಕಲ್ಲಿನ ಮಾತೇ ಆಯಿತು. ಆ ಹಸುವಿನ ಬಗ್ಗೆ ಸ್ವಲ್ಪ ಹೇಳಿ ಸ್ವಾಮಿ. ಎಂಥ ಬಣ್ಣ, ಎಷ್ಟು ಹಾಲು, ಹೇಗೆ ಕರೆಯುತ್ತಾರೆ?

ಕಪ್ಪುಕಲ್ಲು

ಕೊಟ್ಟಿಗೆ ಅವರೇ, ಸರಿಯಾದ ಪ್ರಶ್ನೆ. ಬಣ್ಣ ಕಡು ಕೆಂಪು, ಹಳೇ ಬೀಟೆ ಮರದ ಮೇಜಿನ ಹಾಗೆ. ಮೈಮೇಲೆ ಗುಂಗುರು ಕೂದಲು. ಕೊಂಬು ಉದ್ದ, ವೀಣೆ ತಂತಿ ಕಟ್ಟಬಹುದು ಅನ್ನುವಷ್ಟು ಬಾಗು.

ವಿಶೇಷ ಏನೆಂದರೆ, ಈ ತಳಿ ಕರು ಇಲ್ಲದೆ ಸೊರೆ ಬಿಡುವುದಿಲ್ಲ. ಯಂತ್ರ ಬಂದ ಮೇಲೂ ಅಷ್ಟೇ. ಕರುಗಳನ್ನು ಬೇರೆ ಕಟ್ಟಿರುತ್ತಾರೆ, ಒಂದೊಂದನ್ನೇ ಹೆಸರು ಕೂಗಿ ಬಿಡುತ್ತಾರೆ. ಕರು ಓಡಿ ಬಂದು ನಾಲ್ಕು ಗುಟುಕು ಕುಡಿಯುತ್ತದೆ. ಆಮೇಲೆ ಅದನ್ನು ತಾಯಿಯ ಮುಂಗಾಲಿಗೆ ಕಟ್ಟಿ ಹಾಲು ಕರೆಯುತ್ತಾರೆ. ಕರುವಿನ ಬೆನ್ನ ಮೇಲೆ ಒಂದು ಹಿಡಿ ಉಪ್ಪು ಉದುರಿಸುತ್ತಾರೆ. ತಾಯಿ ಅದನ್ನು ನೆಕ್ಕುತ್ತಾ ನಿಲ್ಲುತ್ತದೆ.

ಕೊಟ್ಟಿಗೆ

ಕರು ಬಿಟ್ಟು ಕರೆಯುವುದು ನಮ್ಮ ಮಲೆನಾಡು ಗಿಡ್ಡಕ್ಕೂ ಹಾಗೇ. ಆದರೆ ಉಪ್ಪಿನ ಉಪಾಯ ಕೇಳಿರಲಿಲ್ಲ!

ಕಪ್ಪುಕಲ್ಲು

ಆ ಹಾಲನ್ನು ಕಾಯಿಸುವುದಿಲ್ಲ. ಜೆರ್ಲ್ ಅನ್ನುವ ಮರದ ತೊಟ್ಟಿಗೆ ಬಿಸಿ ಆರುವ ಮೊದಲೇ ಸುರಿಯುತ್ತಾರೆ. ಮರದಲ್ಲಿ ಮೊದಲಿನಿಂದ ಉಳಿದಿರುವ ಬ್ಯಾಕ್ಟೀರಿಯಾಗಳೇ ಹೆಪ್ಪಿನ ಕೆಲಸಕ್ಕೆ ನೆರವಾಗುತ್ತವೆ. ಹೆಪ್ಪಿನ ಪಾತ್ರೆಯನ್ನು ಅಜ್ಜಿ ಜಾಸ್ತಿ ತಿಕ್ಕಬೇಡ ಅನ್ನುತ್ತಿದ್ದರಲ್ಲ, ಹಾಗೆ. ಒಂದು ಚೀಸ್ ಗಾಲಿಗೆ ಸುಮಾರು 400 ಲೀಟರ್ ಹಾಲು ಬೇಕು. ಸಾಲೇರ್ಸ್ ಅನ್ನುವ ಹೆಸರಿನಲ್ಲಿ ಚೀಸ್ ಮಾಡುವುದು ಏಪ್ರಿಲ್ 15ರಿಂದ ನವೆಂಬರ್ 15ರ ತನಕ ಮಾತ್ರ, ದನ ಹಸಿರು ಹುಲ್ಲು ಮೇಯುವಾಗ. ಕನಿಷ್ಠ ಮೂರು ತಿಂಗಳು ಮಾಗಬೇಕು. ಜೂನ್‌ನಲ್ಲಿ ಯಾರಾದರೂ "ಈ ವರ್ಷದ್ದು" ಅಂತ ಕೊಟ್ಟರೆ ನಂಬಬೇಡಿ, ಅದು ಹೋದ ವರ್ಷದ್ದೇ.

ಗುಡ್ಡದ ಮೇಲೆ ಒಂಟಿ ಕಲ್ಲುಮನೆಗಳು ಕಾಣುತ್ತವೆ, ಬ್ಯುರೋಂ ಅಂತ. ಮೊದಲು ಬೇಸಿಗೆ ಪೂರ್ತಿ ದನ ಕಾಯುವವರು ಅಲ್ಲೇ ಇದ್ದು ಚೀಸ್ ಮಾಡುತ್ತಿದ್ದರು. ಈಗ ಹೆಚ್ಚಿನವು ಪಾಳು, ಕೆಲವು ಊಟದ ಮನೆಗಳಾಗಿವೆ.

ಸೊಪ್ಪಿನ ಸಾರು

ಊಟದ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ತ್ರುಫಾದ್ ಅಂತ ಸಿಗುತ್ತದೆ, ಆಲೂಗಡ್ಡೆ ಮತ್ತು ಎಳೆ ಚೀಸ್, ಎಳೆದರೆ ನೂಲು ಬರುತ್ತದೆ. ಕೇಳಲು ಸಸ್ಯಾಹಾರ. ಆದರೆ ಹಂದಿ ಕೊಬ್ಬಿನಲ್ಲಿ ಹುರಿಯುವವರೇ ಜಾಸ್ತಿ, ಪಕ್ಕದಲ್ಲಿ ಹ್ಯಾಮ್ ಇಟ್ಟು ಕೊಡುತ್ತಾರೆ. "ಮಾಂಸ ಇಲ್ಲ" ಅಂದರೆ ಹ್ಯಾಮ್ ತೆಗೆದು ಅದೇ ತಟ್ಟೆ ತಂದಿಡುತ್ತಾರೆ! "ಎಣ್ಣೆಯಲ್ಲೋ ಕೊಬ್ಬಿನಲ್ಲೋ" ಅಂತ ಬಿಡಿಸಿ ಕೇಳಿ. ಪುಂಟಿ ಅನ್ನುವುದರಲ್ಲಿ ಸೊಪ್ಪು, ಒಣದ್ರಾಕ್ಷಿಯಂಥ ಹಣ್ಣು ಎಲ್ಲ ಇದ್ದರೂ ಸಾಮಾನ್ಯವಾಗಿ ಹಂದಿ ಮಾಂಸವೂ ಇರುತ್ತದೆ. ಚೀಸ್‌ಗೆ ಹಾಲು ಗಟ್ಟಿಯಾಗಲಿ ಅಂತ ಹಾಕುವ ರೆನೆಟ್ ಕೂಡ ಕರುವಿನ ಹೊಟ್ಟೆಯದು, ಅದು ಬೇಡ ಅನ್ನುವವರು ಯೋಚಿಸಿ. ನಾನಂತೂ ಚಿತ್ರಾನ್ನದ ಗೊಜ್ಜು ಡಬ್ಬಿ, ಚಟ್ನಿಪುಡಿ ಇಲ್ಲದೆ ಆ ಕಡೆ ಕಾಲಿಡುವುದಿಲ್ಲ.

ಜೆನ್ಷಿಯನ್ ಬೇರಿನ ಮದ್ಯ ಕೊಡುತ್ತಾರೆ, ಹಳದಿ ಬಣ್ಣ. ನೆಲಬೇವಿನ ಕಷಾಯಕ್ಕೆ ಸಕ್ಕರೆ ಹಾಕಿದ ಹಾಗಿರುತ್ತದೆ. ಗುಡ್ಡದಲ್ಲಿ ಆ ಗಿಡ ಕಂಡಿತು ಅಂತ ಕೀಳಲು ಹೋಗಬೇಡಿ. ಅದರ ಹಾಗೇ ಕಾಣುವ ವಿಷದ ಗಿಡವೊಂದು ಪಕ್ಕದಲ್ಲೇ ಬೆಳೆಯುತ್ತದೆ. ಜೆನ್ಷಿಯನ್ ಎಲೆಗಳು ಎದುರು-ಬದುರು ಜೋಡಿ, ವಿಷದ್ದರಲ್ಲಿ ಒಂದಾದ ಮೇಲೆ ಒಂದು.

ತುಂಗೆಯ ದಡ (ಜೂನ್ ಕೊನೆ)

ಹೋಗಿ ಬಂದೆವು! ಎಲ್ಲರಿಗೂ ದೊಡ್ಡ ಥ್ಯಾಂಕ್ಸ್.

ಓರಿಯಾಕ್‌ನಲ್ಲಿ ಕಾರು ತೆಗೆದುಕೊಂಡೆವು. ಬುಕ್ ಮಾಡಿದ್ದ ಚಿಕ್ಕ ಕಾರು ಇಲ್ಲ ಅಂತ ದೊಡ್ಡ ವ್ಯಾನ್ ಕೊಟ್ಟರು, ಸಾಲೇರ್ಸ್ ಬೀದಿಯಲ್ಲಿ ಕನ್ನಡಿ ಮಡಚಿ ನಡೆಸಿದೆ. ಎರಡು ರಾತ್ರಿ ಉಳಿದೆವು. ಕಪ್ಪುಕಲ್ಲು ಸರ್ ಹೇಳಿದ್ದು ನಿಜ. ಸಂಜೆ ಏಳಕ್ಕೆ ಚೌಕದಲ್ಲಿ ನಾವು, ಒಂದು ಬೆಕ್ಕು, ಪ್ರತಿಮೆ ಅಷ್ಟೇ. ಅಮ್ಮ ಪ್ರತಿಮೆಗೆ ಕೈ ಮುಗಿದರು. ಯಾರು ಅಂತ ಹೇಳಿದ ಮೇಲೆ ಮುಗಿದದ್ದು, ಹೇಳುವ ಮೊದಲು ನೋಡಿಯೂ ಇರಲಿಲ್ಲ.

ಬೆಟ್ಟದ ಹೆಸರು ಕೇಳಿ ಅಮ್ಮ, "ಇದೇನು ಮಾರಿಗುಡ್ಡವಾ?" ಅಂದರು. ಮೇರಿಮಾತೆ ಇರಬೇಕು ಅಂತ ನಾನು ಅಂದುಕೊಂಡಿದ್ದೆ. ವಿಚಾರಿಸಿದರೆ ಮಾರಿಯಸ್ ಅನ್ನುವ ಸಂತನ ಹೆಸರಂತೆ, ಗಂಡಸು. "ಮಾರಪ್ಪ ಅನ್ನು ಹಾಗಾದರೆ" ಅಂದರು.

ಮೊದಲ ದಿನ ಘಟ್ಟದ ತನಕ ಹೋದರೂ ಮಂಜು. ದಾರಿ ತಪ್ಪಿದವ ಅವರನ್ನು ನೆನೆದು ಹತ್ತದೆ ವಾಪಸ್ ಬಂದೆವು. ಮಾರನೇ ದಿನ ಬೆಳಿಗ್ಗೆ ಎಂಟಕ್ಕೇ ಶುರು ಮಾಡಿದೆವು. ಹತ್ತುವಾಗ ಅಮ್ಮ ನನಗಿಂತ ಮುಂದೆ. ಪ್ರತಿ ತಿರುವಿನಲ್ಲಿ ನಿಂತು, "ಈ ಹುಲ್ಲು ನೋಡು, ಒಂದು ಹೊರೆ ಸಿಕ್ಕಿದ್ದರೆ" ಅನ್ನುತ್ತಿದ್ದರು. ತುದಿಯಲ್ಲಿ ಕಣಿವೆಗಳನ್ನು ತೋರಿಸಿ ಬೆಂಕಿಕಲ್ಲು ಮೇಡಂ ಹೇಳಿದ್ದೆಲ್ಲ ವಿವರಿಸಿದೆ. ಗಾಳಿಗೆ ಸೆರಗು ಹಿಡಿದುಕೊಂಡು ಕೇಳಿ, "ಇಷ್ಟೆಲ್ಲ ಬೆಂಕಿ ಆಗಿದ್ದಕ್ಕೇ ಇಷ್ಟು ಹಸಿರು" ಅಂದರು. ಇಳಿಯಲು ಒಂದು ಗಂಟೆ ಆಯಿತು, ಕೋಲು ಇಲ್ಲದಿದ್ದರೆ ಆಗುತ್ತಿರಲಿಲ್ಲ.

ಕೊಟ್ಟಿಗೆ ಅವರಿಗಾಗಿ ಇದು. ಉಳಿದಿದ್ದ ಮನೆಯವರು ಹತ್ತಿರದ ಒಂದು ಹಟ್ಟಿಗೆ ಫೋನ್ ಮಾಡಿ ಕೇಳಿ ಕಳಿಸಿದರು. ಸಂಜೆ ಹಾಲು ಕರೆಯುವ ಹೊತ್ತು. ಬೇಲಿ ಆಚೆ ಕರುಗಳ ಗುಂಪು, ಈಚೆ ತಾಯಂದಿರು. ಒಬ್ಬ ಹುಡುಗಿ ಹೆಸರು ಕೂಗುತ್ತಿದ್ದಳು, ಕರೆದ ಕರು ಮಾತ್ರ ಗುಂಪಿನಿಂದ ನುಸುಳಿ ಬರುತ್ತಿತ್ತು. ಒಂದು ಕರು ಕರೆಯದೆಯೇ ನುಗ್ಗಿತು. ಅವಳು ಅದರ ಮೂತಿ ಹಿಡಿದು ವಾಪಸ್ ತಳ್ಳಿದಳು. "ಎಲ್ಲ ಊರಲ್ಲೂ ಇಂಥದ್ದೊಂದು ಇರುತ್ತೆ" ಅಂದರು ಅಮ್ಮ. ಯಂತ್ರದ ಸದ್ದಿನ ನಡುವೆ ಹಸು ಉಪ್ಪು ನೆಕ್ಕುವ ಸರ್‌ಸರ್ ಸದ್ದು ಕೇಳುತ್ತಿತ್ತು. ಅಮ್ಮನಿಗೆ ಫ್ರೆಂಚ್ ಬರಲ್ಲ, ಆ ಹುಡುಗಿಗೆ ಕನ್ನಡ ಬರಲ್ಲ. ಆದರೂ ಒಂದು ಹಸುವಿನ ಕೆಚ್ಚಲ ಕಡೆ ಅಮ್ಮ ಬೆರಳು ತೋರಿಸಿ ಮುಖ ಕಿವುಚಿದರು, ಅವಳು ಹೌದು ಹೌದು ಅಂತ ತಲೆ ಆಡಿಸಿದಳು. ಒಂದು ಮೊಲೆ ಬಾತಿತ್ತಂತೆ. ನನಗೆ ಏನೂ ಕಂಡಿರಲಿಲ್ಲ.

ಹಾಸನದ ಹೈದ

ಸರಿ ಸರಿ, ಸೋತೆ. ಮುಂದಿನ ಸಲ ರಾತ್ರಿ ಉಳಿಯುತ್ತೇನೆ. ಚಾಕು ಅಂಗಡಿ ಮಾತ್ರ ಜಾಸ್ತಿಯೇ.

ಕೊಟ್ಟಿಗೆ

ಓದಿ ಖುಷಿಯಾಯಿತು ತಂಗಿ. ಅಮ್ಮ ಊರಿಗೆ ಬಂದ ಮೇಲೆ ಉಪ್ಪಿನ ಪ್ರಯೋಗ ಮಾಡಿದರಾ?

ತುಂಗೆಯ ದಡ

ಮಾಡಿದರು ಅಣ್ಣ. ನಿನ್ನೆ ಫೋನಿನಲ್ಲಿ ಹೇಳಿದರು. ಗೌರಿ ಕರುವಿನ ಬೆನ್ನನ್ನು ಚೆನ್ನಾಗಿ ನೆಕ್ಕಿದಳಂತೆ. ಉಪ್ಪು ಮುಗಿದ ಕೂಡಲೇ ಚೊಂಬಿಗೆ ಒದ್ದಳಂತೆ.